ಟ್ಯೂಬು ಸುತ್ತಿದ ಪೊರಕೆ

ಆ ಶಾಲೆಯಲ್ಲಿ ಒಂದು ಮಗುವನ್ನು ಒಂದು ವರ್ಷ ಓದಿಸಲು ಆಯಾಳ ಹದಿನಾಲ್ಕು ತಿಂಗಳ ಸಂಬಳ ಬೇಕು. ವರ್ಷಕ್ಕೆ ಇರುವುದು ಹನ್ನೆರಡೇ ತಿಂಗಳು. ಬೂಟಿಗೆ ಆರು ದಿನ ಕಸ ಗುಡಿಸಬೇಕು, ಸಮವಸ್ತ್ರಕ್ಕೆ ಹನ್ನೊಂದು ದಿನ, ಪುಸ್ತಕಗಳಿಗೆ ಹತ್ತಿರ ಹತ್ತಿರ ಒಂದು ತಿಂಗಳು. ಆಯಾ ಎಲ್ಲವನ್ನೂ ಕಸದ ದಿನಗಳಲ್ಲೇ ಅಳೆಯುತ್ತಿದ್ದಳು. ಆದರೆ ಶಾಲೆಯಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಶುಲ್ಕವಿಲ್ಲ ಎಂಬ ಹಳೆಯ ನಿಯಮವೊಂದಿತ್ತು. ಆಕೆಯ ನಿಜವಾದ ಸಂಬಳ ತಿಂಗಳ ಕೊನೆಗೆ ಕೈಗೆ ಬರುವ ಲಕೋಟೆಯಲ್ಲ, ಎಂಟನೇ ತರಗತಿಯ ಬಿ ವಿಭಾಗದ ಎರಡನೇ ಬೆಂಚಿನಲ್ಲಿ ಕೂತಿರುವ ಮಗಳು.

ಮಗಳಿಗೆ ಮನೆಯಲ್ಲಿ ಲಾಯರಮ್ಮ ಎಂದು ಹೆಸರು. ಮೂರು ವರ್ಷದವಳಿದ್ದಾಗಲೇ, ಮಲಗು ಎಂದರೆ ಯಾಕೆ ಮಲಗಬೇಕು ಎಂದು ಕೇಳಿದವಳು. ಹೆಸರಿಟ್ಟವನು ಅಪ್ಪ. ಅವನದು ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ.

ತಾಯಿ ಮಗಳ ನಡುವೆ ಒಂದು ಕರಾರಿತ್ತು. ಗೇಟಿನೊಳಗೆ ನಾನು ನಿನ್ನ ಅಮ್ಮ ಅಲ್ಲ, ನೀನು ನನ್ನ ಮಗಳಲ್ಲ. ಬೆಳಿಗ್ಗೆ ಆಯಾ ಮುಂದೆ ಹೋಗುವುದು, ಅರ್ಧ ಗಂಟೆ ಬಿಟ್ಟು ಮಗಳು ಹೊರಡುವುದು. ವರಾಂಡದಲ್ಲಿ ಎದುರಾದರೆ ಮಗಳೂ ಉಳಿದ ಮಕ್ಕಳಂತೆ ‘ಆಯಾ, ದಾರಿ’ ಎನ್ನುವುದು. ಈ ಕರಾರು ಬರೆದುಕೊಟ್ಟವಳು ಅಜ್ಜಿ, ಆಯಾಳ ಅತ್ತೆ. ಅದೇ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಗುಡಿಸಿ, ಮಂಡಿ ಹೋದ ಮೇಲೆ ಪೊರಕೆಯನ್ನು ಸೊಸೆಯ ಕೈಗೆ ದಾಟಿಸಿದವಳು ಅವಳು. ಪೊರಕೆಯ ಹಿಡಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿದರೆ ಅಂಗೈ ಬೊಬ್ಬೆ ಏಳುವುದಿಲ್ಲ ಎಂಬುದೂ ಅವಳೇ ಕಂಡುಕೊಂಡ ಉಪಾಯ. ಮಗನ ಅಂಗಡಿಯಲ್ಲಿ ಟ್ಯೂಬಿಗೇನೂ ಬರವಿರಲಿಲ್ಲ.

ಆ ವರ್ಷ ಶಾಲೆಗೆ ಹೊಸ ದೊಡ್ಡ ಮೇಡಂ ಬಂದಿದ್ದರು. ಮಕ್ಕಳಿಗೆ ಪಾಠ ಬಂದರೆ ಸಾಲದು, ಮೌಲ್ಯ ಬರಬೇಕು ಎನ್ನುವವರು. ಮೌಲ್ಯ ಶಿಕ್ಷಣ ಎಂದು ವಾರಕ್ಕೊಂದು ಪಿರಿಯಡ್ ಇಟ್ಟರು, ಹತ್ತು ಅಂಕ ಇಟ್ಟರು, ಭಾಷಣ ಸ್ಪರ್ಧೆಯನ್ನೂ ಇಟ್ಟರು. ‘ನನಗೆ ಬದುಕು ಕಲಿಸಿದವರು’ ಎಂಬುದು ವಿಷಯ.

ಸ್ಪರ್ಧೆಯ ದಿನ ಒಂದನೇ ತರಗತಿಯ ಮಗುವೊಂದು ಸಭಾಂಗಣದಲ್ಲಿ ವಾಂತಿ ಮಾಡಿಕೊಂಡಿತ್ತು. ಆಯಾ ಅದನ್ನು ಒರೆಸಿ, ಬಕೆಟ್ ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೊರಡುವುದರಲ್ಲಿದ್ದಳು. ವೇದಿಕೆಯ ಮೇಲಿಂದ ಮಗಳ ದನಿ ಕೇಳಿ ನಿಂತಳು. ಮಗಳು ಯಾವುದೋ ವಿಜ್ಞಾನಿಯ ಬಗ್ಗೆ ಮಾತಾಡುತ್ತೇನೆಂದು ಮನೆಯಲ್ಲಿ ಹೇಳಿದ್ದಳು.

“ನನಗೆ ಬದುಕು ಕಲಿಸಿದವರು ಇಲ್ಲೇ ಇದ್ದಾರೆ,” ಎಂದಳು ಲಾಯರಮ್ಮ. “ಹಿಂದಿನ ಬಾಗಿಲ ಹತ್ತಿರ ಬಕೆಟ್ ಹಿಡಿದು ನಿಂತಿದ್ದಾರಲ್ಲ, ಅವರು ನನ್ನ ಅಮ್ಮ.”

ನಾನೂರು ತಲೆಗಳು ಹಿಂದಕ್ಕೆ ತಿರುಗಿದವು. ಆಯಾಳಿಗೆ ಬಕೆಟನ್ನು ಕೆಳಗಿಡಬೇಕೋ ಹಿಡಿದೇ ಇರಬೇಕೋ ತಿಳಿಯಲಿಲ್ಲ. ಮಗಳು ಮುಂದೆ ಏನೇನೋ ಹೇಳಿದಳು. ಅಮ್ಮನಿಗೆ ಸೊಂಟ ನೋವು, ನಾವು ಬೆಂಚಿನ ಕೆಳಗೆ ಪೆನ್ಸಿಲ್ ಸಿಪ್ಪೆ ಹಾಕಿದರೆ ಅವಳು ಮಂಡಿಯೂರಿ ನುಗ್ಗಿ ತೆಗೆಯಬೇಕು, ನಮ್ಮ ನಮ್ಮ ಕೋಣೆ ನಾವೇ ಗುಡಿಸಿಕೊಂಡರೆ ಏನು ಕಳೆದುಕೊಳ್ಳುತ್ತೇವೆ ಎಂದೆಲ್ಲ. ಆಯಾಳ ಕಿವಿಗೆ ಅರ್ಧ ಬಿತ್ತು, ಅರ್ಧ ಬೀಳಲಿಲ್ಲ. ಚಪ್ಪಾಳೆ ಮಾತ್ರ ಪೂರ್ತಿ ಬಿತ್ತು. ದೊಡ್ಡ ಮೇಡಂ ಎದ್ದು ನಿಂತು ತಟ್ಟುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅಂದು ಸಂಜೆ ಮನೆಯಲ್ಲಿ ಅನ್ನ ಬೆಂದರೂ ಯಾರೂ ತಟ್ಟೆ ಇಡಲಿಲ್ಲ. ಮೊದಲ ಬಹುಮಾನದ ಬಟ್ಟಲು ಮೇಜಿನ ಮೇಲಿತ್ತು. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದರಲ್ಲಿ ಉಪ್ಪು ಇಡಬಹುದು ಎಂದಳು. ಆಮೇಲೆ ಶುರುವಾಯಿತು ಅವಳ ಬೈಗುಳ. ಮೂವತ್ತು ವರ್ಷ ಎರಡು ತಲೆಮಾರು ತಲೆ ತಗ್ಗಿಸಿ ನಡೆದದ್ದು ನೀನು ವೇದಿಕೆ ಹತ್ತಿ ನಮ್ಮ ಬಕೆಟ್ ತೋರಿಸಲಿಕ್ಕಾ ಎಂದಳು.

“ಸುಳ್ಳು ಹೇಳಲಿಲ್ಲವಲ್ಲ ಅಜ್ಜಿ.”

“ನಿಜ ಹೇಳು ಅಂತ ನಿನ್ನನ್ನ ಯಾರು ಕೇಳಿದ್ರು?”

“ಬಿಡಮ್ಮ,” ಎಂದ ಅಪ್ಪ. “ನನ್ನ ಬಗ್ಗೆ ಒಂದು ಮಾತೂ ಆಡಿಲ್ಲ ಇವಳು. ಬೇಜಾರಾಗಬೇಕಾದ್ದು ನನಗೆ.”

ಆಯಾ ಎದ್ದು ತಟ್ಟೆ ಇಟ್ಟಳು. ನಾಲ್ಕು ಜನಕ್ಕೆ ಬೇಯಿಸಿದ್ದ ಎರಡು ಮೊಟ್ಟೆಯಲ್ಲಿ ಒಂದನ್ನು ಇಡಿಯಾಗಿ ಮಗಳ ತಟ್ಟೆಗೆ ಹಾಕಿದಳು. ಸಿಟ್ಟಿಗೆ ಹಾಕಿದಳೋ ಪ್ರೀತಿಗೆ ಹಾಕಿದಳೋ ಮಗಳಿಗೆ ಗೊತ್ತಾಗಲಿಲ್ಲ, ತಿಂದಳು.

ಒಂದು ವಾರ ಕಳೆದ ಮೇಲೆ ದೊಡ್ಡ ಮೇಡಂ ಆಯಾಳನ್ನು ಕೋಣೆಗೆ ಕರೆಸಿದರು. ಕುರ್ಚಿ ತೋರಿಸಿ ಕೂರಲು ಹೇಳಿದರು. ಆ ಕುರ್ಚಿಯನ್ನು ದಿನಾ ಒರೆಸಿದ್ದಳೇ ಹೊರತು ಅವಳು ಕೂತಿರಲಿಲ್ಲ. ಅಂದಿನವರೆಗೆ ‘ನೀನು’ ಎನ್ನುತ್ತಿದ್ದ ಮೇಡಂ ಅಂದು ‘ನೀವು’ ಎಂದರು.

“ನಿಮ್ಮ ಮಗಳು ನಮ್ಮೆಲ್ಲರ ಕಣ್ಣು ತೆರೆಸಿದಳು,” ಎಂದರು. “ಆಡಳಿತ ಮಂಡಳಿಯವರೂ ಒಪ್ಪಿದ್ದಾರೆ. ಬರೋ ತಿಂಗಳಿಂದ ಮಕ್ಕಳು ಅವರವರ ತರಗತಿ ಅವರೇ ಗುಡಿಸ್ತಾರೆ. ದಿನಕ್ಕೆ ಐದು ಜನ, ಸರದಿ ಪ್ರಕಾರ. ಅದಕ್ಕೆ ಅಂಕವೂ ಇದೆ.”

ಆಯಾ ಒಳ್ಳೆಯದು ಮೇಡಂ ಎಂದಳು. ಸೊಂಟ ಆಗಲೇ ಸ್ವಲ್ಪ ಹಗುರಾದಂತೆ ಇತ್ತು.

“ಶೌಚಾಲಯಕ್ಕೆ ಹೊರಗಿನ ಕಂಪನಿಯವರು ಬರ್ತಾರೆ. ಹಾಗಾಗಿ ನೀವು ಬರೋ ತಿಂಗಳಿಂದ ಬರೋದು ಬೇಡ.”

ಆಯಾ ಕುರ್ಚಿಯಿಂದ ಎದ್ದಳು. ಕೆಲಸದಿಂದ ತೆಗೆದರು ಎಂಬುದು ಅರ್ಥವಾಗಲು ಬಾಗಿಲವರೆಗೆ ನಡೆಯಬೇಕಾಯಿತು. ಬಾಗಿಲಲ್ಲಿ ತಿರುಗಿ ಮಗಳ ಶುಲ್ಕದ ವಿಷಯ ಕೇಳಿದಳು. ಈ ಅವಧಿ ಮುಗಿಯುವವರೆಗೆ, ಅಂದರೆ ಇನ್ನು ಮೂರು ತಿಂಗಳು, ಯಾರೂ ಕೇಳುವುದಿಲ್ಲ ಎಂದರು ಮೇಡಂ. ಆಮೇಲೆ ನಿಯಮ ನಿಯಮವೇ. ಅವರ ಮುಖದಲ್ಲಿ ನಿಜವಾದ ಬೇಸರವಿತ್ತು. ಆಯಾ ಅದನ್ನು ಅಲ್ಲಗಳೆಯಲಿಲ್ಲ.

ಮನೆಯಲ್ಲಿ ಸುದ್ದಿ ಕೇಳಿ ಲಾಯರಮ್ಮ ಕೈಯಲ್ಲಿದ್ದ ಪುಸ್ತಕ ಮುಚ್ಚಿದಳು.

“ನಾನು ಹಾಗೆ ಹೇಳಲಿಲ್ಲ. ನಿನಗೆ ಕೆಲಸ ಕಮ್ಮಿ ಆಗಲಿ ಅಂದೆ. ಕೆಲಸ ಹೋಗಲಿ ಅಂದೆನಾ?”

“ಕಮ್ಮಿ ಮಾಡಿದ್ದಾರಲ್ಲ,” ಎಂದಳು ಅಜ್ಜಿ. “ಪೂರ್ತಿ ಕಮ್ಮಿ.”

ಅಪ್ಪನಿಗೂ ಅಂದು ತಮಾಷೆ ಹೊಳೆಯಲಿಲ್ಲ. ಮೌಲ್ಯ ಕಲಿಯೋದು ಅವರ ಮಕ್ಕಳು, ಸಂಬಳ ಹೋಗೋದು ನಮ್ಮದು, ಇದು ಯಾವ ಊರಿನ ಪಾಠ ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಅಂಗಡಿಗೆ ಹೋದ.

ಆಯಾ ಒಂದು ಹೋಟೆಲಿನಲ್ಲಿ ಪಾತ್ರೆ ತಿಕ್ಕುವ ಕೆಲಸ ಹಿಡಿದಳು. ಸಂಬಳ ಹಳೆಯದರ ಮುಕ್ಕಾಲು. ಬಿಸಿನೀರು, ಸೋಪು ಸೇರಿ ಬೆರಳ ಸಂದಿ ಒಡೆದವು. ಮನೆಗೆ ಮೊಟ್ಟೆ ಬರುವುದು ನಿಂತಿತು, ಹಾಲು ಅರ್ಧಕ್ಕೆ ಇಳಿಯಿತು. ಅಜ್ಜಿ ತನ್ನ ಚಹಾವನ್ನು ಹಾಲಿಲ್ಲದೆಯೇ ಕುಡಿಯತೊಡಗಿದಳು, ಕುಡಿಯುವಾಗ ಎಲ್ಲರಿಗೂ ಕೇಳುವಂತೆ ಸೊರ್ರೆಂದು ಹೀರುತ್ತಿದ್ದಳು. ಮೊಮ್ಮಗಳ ಜೊತೆ ಮಾತು ಬಿಟ್ಟಳು. ಏನಾದರೂ ಬೇಕಾದರೆ ಬಹುಮಾನದ ಬಟ್ಟಲಿಗೆ ಹೇಳುತ್ತಿದ್ದಳು: “ಬಟ್ಟಲೇ, ಸ್ವಲ್ಪ ನೀರು ಕೊಡು.” ಮೊಮ್ಮಗಳು ತಂದುಕೊಡುತ್ತಿದ್ದಳು.

ಆ ದಿನಗಳಲ್ಲಿ ಮನೆಯಲ್ಲಿ ಸಣ್ಣಪುಟ್ಟ ಬದಲಾವಣೆಗಳಾದವು, ಯಾರೂ ಅವನ್ನು ಜೋಡಿಸಿ ನೋಡಲಿಲ್ಲ. ಬಾಗಿಲ ಹಿಂದಿದ್ದ ಹೊಸ ಪೊರಕೆ ಕಾಣೆಯಾಯಿತು. ಅಜ್ಜಿ ಪಕ್ಕದ ಮನೆಯವರ ಮೇಲೆ ಅನುಮಾನಪಟ್ಟು ಎರಡು ದಿನ ಮುಖ ತಿರುಗಿಸಿಕೊಂಡಳು. ಲಾಯರಮ್ಮ ಅಪ್ಪನ ಅಂಗಡಿಯಿಂದ ಟ್ಯೂಬಿನ ಪಟ್ಟಿ ಕೇಳಿ ಪಡೆದಳು. ಕರಕುಶಲಕ್ಕಿರಬೇಕು ಎಂದುಕೊಂಡು ಅವನು ಕೊಟ್ಟ. ದಿನಾ ಸಂಜೆ ತಾನೇ ಸಮವಸ್ತ್ರ ಒಗೆಯತೊಡಗಿದಳು. ಪಾಪ, ತಪ್ಪಿನ ಅರಿವಾಗಿದೆ ಎಂದುಕೊಂಡಳು ಆಯಾ.

ನಾಲ್ಕನೇ ವಾರ ಶಾಲೆಯಿಂದ ಕರೆ ಬಂತು. ಆಯಾ ಹೋಟೆಲಿನವನ ಹತ್ತಿರ ಒಂದು ಗಂಟೆ ರಜೆ ಕೇಳಿ ಮಧ್ಯಾಹ್ನ ಹೋದಳು. ವರಾಂಡಕ್ಕೆ ಕಾಲಿಡುತ್ತಲೇ ವಾಸನೆ ಮೂಗಿಗೆ ಹೊಡೆಯಿತು. ಕಂಪನಿಯವನು ಹತ್ತು ದಿನ ಬಂದು, ದುಡ್ಡು ಸಾಲದು ಎಂದು ಬಿಟ್ಟುಹೋಗಿದ್ದ.

“ಮಕ್ಕಳಿಗೆ ಶೌಚಾಲಯ ತೊಳಿರಿ ಅನ್ನೋಕಾಗಲ್ಲ,” ಎಂದರು ದೊಡ್ಡ ಮೇಡಂ. “ತಂದೆತಾಯಿಗಳು ಸುಮ್ಮನಿರ್ತಾರಾ?”

ಶೌಚಾಲಯ ಮಾತ್ರ ನೋಡಿಕೊಳ್ಳಬೇಕು, ಅರ್ಧ ಸಂಬಳ, ಮಗಳ ಶುಲ್ಕದ ವಿನಾಯಿತಿ ಹತ್ತನೇ ತರಗತಿಯವರೆಗೂ ಮುಂದುವರಿಯುತ್ತದೆ, ಇದು ಅವರ ಮಾತು. ತರಗತಿಗಳ ಚಿಂತೆ ನಿಮಗೆ ಬೇಡವೇ ಬೇಡ ಎಂದು ಸೇರಿಸಿದರು.

“ಎಂಟನೇ ಬಿ ಒಂದ್ಸಲ ನೋಡ್ಕೊಂಡು ಹೋಗಿ. ನಿಮ್ಮ ಕಾಲದಲ್ಲೂ ಅಷ್ಟು ಚೊಕ್ಕ ಇರಲಿಲ್ಲ. ಮಕ್ಕಳು ಕಲಿತರು ನೋಡಿ.”

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಳು ಆಯಾ. ಕೇಳುವುದೇನು, ಮನಸ್ಸಿನಲ್ಲಿ ಆಗಲೇ ಒಪ್ಪಿಯಾಗಿತ್ತು. ಬೆಳಿಗ್ಗೆ ಶೌಚಾಲಯ, ಆಮೇಲೆ ಹೋಟೆಲು. ಮಗಳು ಉಳಿಯುತ್ತಾಳೆ. ವರಾಂಡದಲ್ಲಿ ನಡೆಯುವಾಗ ಅವಳ ಹೆಜ್ಜೆ ಹಗುರಾಗಿತ್ತು. ಎಂಟನೇ ಬಿ ನೋಡುವ ಆಸೆಯೂ ಆಯಿತು. ಹೆಚ್ಚುಕಮ್ಮಿ ಹತ್ತು ವರ್ಷ ಗುಡಿಸಿದವಳಿಗಿಂತ ನಾಲ್ಕು ವಾರ ಪೊರಕೆ ಹಿಡಿದ ಮಕ್ಕಳು ಚೊಕ್ಕ ಗುಡಿಸುತ್ತಾರೆಂದರೆ ನೋಡಬೇಕಾದ ಕೆಲಸವೇ.

ಊಟದ ಬಿಡುವು. ಮಕ್ಕಳೆಲ್ಲ ವರಾಂಡದ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಆಯಾ ಕಿಟಕಿಯಿಂದ ಒಳಗೆ ಇಣುಕಿದಳು. ಫ್ಯಾನ್ ನಿಂತಿತ್ತು. ಬೆಂಚುಗಳನ್ನು ಗೋಡೆಯಿಂದ ಒಂದೂವರೆ ಅಡಿ ಈಚೆಗೆ ಎಳೆದಿಡಲಾಗಿತ್ತು. ಧೂಳು ಏಳದಂತೆ ನೀರು ಚಿಮುಕಿಸಲಾಗಿತ್ತು. ಮೂಲೆ ಮೊದಲು, ನಡು ಕೊನೆಗೆ, ದೂರದ ಗೋಡೆಯಿಂದ ಬಾಗಿಲ ಕಡೆಗೆ. ಅವಳು ಮಾಡುತ್ತಿದ್ದ ಹಾಗೆಯೇ. ಕೋಣೆಯಲ್ಲಿ ಒಬ್ಬಳೇ ಒಬ್ಬಳಿದ್ದಳು, ಬೆನ್ನು ಬಗ್ಗಿಸಿದವಳು. ಕೈಯಲ್ಲಿ ಟ್ಯೂಬು ಸುತ್ತಿದ ಪೊರಕೆ.

ಮೆಟ್ಟಿಲ ಮೇಲಿಂದ ಒಂದು ಹುಡುಗಿ, ಬಾಯಲ್ಲಿ ತುತ್ತಿಟ್ಟುಕೊಂಡೇ, ಬಹಳ ಸ್ನೇಹದಿಂದ ಕೂಗಿದಳು:

“ಚಿಕ್ಕ ಆಯಾ, ನನ್ನ ಬೆಂಚಿನ ಕೆಳಗೂ ಸ್ವಲ್ಪ ನೋಡೇ.”

“ಹೂಂ, ಬಂದೆ ಬಂದೆ,” ಎಂದಳು ಲಾಯರಮ್ಮ.

ಅದು ಆಯಾಳದೇ ದನಿ. ಅದೇ ಎಳೆತ, ಅದೇ ತಗ್ಗು. ತಾನು ಆ ದನಿಯಲ್ಲಿ ಮಾತಾಡುತ್ತೇನೆಂದು ಅಂದಿನವರೆಗೆ ಅವಳಿಗೆ ಗೊತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡಳು.

ಒಳಗೆ ಹೋದಾಗ ಮಗಳು ಬೆಚ್ಚಿ ಪೊರಕೆಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಗೋಡೆಯ ಮೇಲೆ ಸರದಿ ಪಟ್ಟಿ ಇತ್ತು. ಅಂದಿನ ದಿನಕ್ಕೆ ಐದು ಹೆಸರು. ಅವುಗಳಲ್ಲಿ ಮಗಳ ಹೆಸರಿರಲಿಲ್ಲ.

“ಇವತ್ತು ನಿನ್ನ ಸರದಿಯಾ?”

“ಅವರಿಗೆ ಬರಲ್ಲಮ್ಮ. ಫ್ಯಾನ್ ಹಾಕ್ಕೊಂಡು ಗುಡಿಸ್ತಾರೆ, ಧೂಳೆಲ್ಲ ಪುಸ್ತಕದ ಮೇಲೆ ಬರುತ್ತೆ. ನಿನಗೆ ಬರುತ್ತಲ್ಲ, ಒಂದು ದಿನ ನೀನು ಮಾಡು ಅಂದ್ರು.”

“ಒಂದು ದಿನ.”

“ಆಮೇಲೆ ಎಲ್ಲರೂ ಅಂದ್ರು.”

“ಇದಕ್ಕೆ ಅಂಕ ಇದೆಯಂತಲ್ಲ. ನಿನಗೆಷ್ಟು?”

“ಹತ್ತಕ್ಕೆ ಹತ್ತು.”

“ಅವರಿಗೆ?”

ಮಗಳು ಸರದಿ ಪಟ್ಟಿಯ ಕಡೆ ನೋಡಿದಳು. “ಅವರಿಗೂ ಹತ್ತಕ್ಕೆ ಹತ್ತು.”

ಆಯಾ ಪೊರಕೆಯನ್ನು ಕಿತ್ತುಕೊಂಡು ಕಂಕುಳಲ್ಲಿ ಇರುಕಿಕೊಂಡು ಗೇಟು ದಾಟಿದಳು. ಹೋಟೆಲಿಗೂ ಅದನ್ನೇ ಹಿಡಿದುಕೊಂಡು ಹೋದಳು. ಪೊರಕೆ ಯಾಕೆ ತಂದೆ, ನಮ್ಮಲ್ಲಿ ಇಲ್ಲವಾ ಎಂದು ಹೋಟೆಲಿನವನು ಕೇಳಿದ.

ಸಂಜೆ ಊಟದ ಹೊತ್ತಿಗೆ ಮೊದಲು ಮೇಡಂ ಹೇಳಿದ ಕೆಲಸದ ಮಾತನ್ನು ಮುಂದಿಟ್ಟಳು. ಅಜ್ಜಿ ಯೋಚಿಸಲೂ ಹೋಗಲಿಲ್ಲ. ಒಪ್ಪಿಕೋ ಎಂದಳು. ಶೌಚಾಲಯ ತೊಳೆದು ನನ್ನ ಕೈ ಉದುರಿಹೋಯಿತಾ, ಹುಡುಗಿ ಹತ್ತನೇ ತರಗತಿ ಮುಟ್ಟಲಿ, ಆಮೇಲೆ ನೋಡೋಣ ಎಂದಳು. ಗಂಡನೂ ತಲೆಯಾಡಿಸಿದ. ಲಾಯರಮ್ಮ ಅನ್ನ ಕಲಸುತ್ತಲೇ ಇದ್ದಳು, ತುತ್ತು ಬಾಯಿಗೆ ಹೋಗಲಿಲ್ಲ.

ಆಗ ಆಯಾ ಬಾಗಿಲ ಹಿಂದಿನಿಂದ ಪೊರಕೆ ತಂದು ತಟ್ಟೆಗಳ ಪಕ್ಕದಲ್ಲಿ ಇಟ್ಟಳು. ಊಟದ ಜಾಗದಲ್ಲಿ ಪೊರಕೆ ಏನು ಎಂದು ಅಜ್ಜಿ ಸಿಡುಕಿದಳು. ಸಿಡುಕುವಾಗಲೇ ಟ್ಯೂಬಿನ ಪಟ್ಟಿಯ ಮೇಲೆ ಅವಳ ಕಣ್ಣು ನಿಂತಿತು. ಆಯಾ ಕಂಡದ್ದನ್ನು ಕಂಡ ಹಾಗೆ ಹೇಳಿದಳು.

“ಏನಂತ ಕರೀತಾರೆ ಅಂದೆ?” ಎಂದಳು ಅಜ್ಜಿ.

“ಚಿಕ್ಕ ಆಯಾ.”

ಅಜ್ಜಿ ತಟ್ಟೆಯನ್ನು ದೂರ ಸರಿಸಿದಳು. ಮಗ ನೀರಿನ ಲೋಟ ಕೊಟ್ಟರೂ ತೆಗೆದುಕೊಳ್ಳಲಿಲ್ಲ.

“ನಾನು ಆ ಶಾಲೆಗೆ ಗುಡಿಸೋಕೆ ಹೋದವಳಲ್ಲ,” ಎಂದಳು ಕೊನೆಗೆ. “ಗಂಟೆ ಹೊಡೆಯೋಕೆ, ಆಫೀಸಿನ ಕಾಗದ ಕ್ಲಾಸಿಗೆ ಮುಟ್ಟಿಸೋಕೆ ಅಂತ ಹೋದೆ. ಒಂದು ದಿನ ಗುಡಿಸೋಳು ಬರಲಿಲ್ಲ, ಇವತ್ತೊಂದು ದಿನ ಗುಡಿಸಿಬಿಡಮ್ಮ ಅಂದ್ರು. ಚೆನ್ನಾಗಿ ಗುಡಿಸಿದೆ. ಅದೇ ನಾನು ಮಾಡಿದ ತಪ್ಪು.”

ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗನಿಗೂ ಗೊತ್ತಿರಲಿಲ್ಲ. ಅವನು ತಾಯಿಯ ಮುಖವನ್ನು ಹೊಸಬರ ಮುಖದಂತೆ ನೋಡಿದ.

“ನಾಳೆ ಹೋಗಿ ಟಿ.ಸಿ. ಈಸ್ಕೊಂಡು ಬಾ,” ಎಂದಳು ಅಜ್ಜಿ ಸೊಸೆಗೆ. “ಈ ಮನೆಗೆ ಮೂರನೇ ಆಯಾ ಬೇಡ.”

ಲಾಯರಮ್ಮ ಒಪ್ಪಲಿಲ್ಲ. ಅಲ್ಲಿ ಪ್ರಯೋಗಶಾಲೆ ಇದೆ, ಗಣಿತದ ಸರ್ ಚೆನ್ನಾಗಿ ಹೇಳಿಕೊಡುತ್ತಾರೆ, ಗೆಳತಿಯರಿದ್ದಾರೆ, ಗುಡಿಸುವುದು ನಿಲ್ಲಿಸಿದರೆ ಆಯಿತಲ್ಲ, ಶಾಲೆ ಯಾಕೆ ಬಿಡಬೇಕು ಎಂದು ವಾದಿಸಿದಳು. ಬೆಂಚಿನ ಕೆಳಗೆ ಗುಡಿಸಲು ಕೂಗಿದ ಹುಡುಗಿಯೇ ಅವಳ ಹತ್ತಿರದ ಗೆಳತಿ ಎಂಬುದೂ ಆ ವಾದದಲ್ಲೇ ಹೊರಬಿತ್ತು.

“ನೀನು ನಿಲ್ಲಿಸಿದ್ರೆ ಅವಳು ನಿನ್ನ ಜೊತೆ ಊಟಕ್ಕೆ ಕೂರ್ತಾಳಾ?” ಎಂದು ಕೇಳಿದಳು ಆಯಾ.

“ಯಾಕೆ ಕೂರಲ್ಲ?”

“ಸರಿ. ಒಂದು ವಾರ ನಿನ್ನ ಸರದಿಗೆ ಮಾತ್ರ ಪೊರಕೆ ಮುಟ್ಟು. ಆಮೇಲೆ ನೀನೇ ಹೇಳು.”

ದೊಡ್ಡ ಮೇಡಂಗೆ ಒಂದು ವಾರ ಸಮಯ ಬೇಕೆಂದು ಹೇಳಿ ಕಳಿಸಿದಳು.

ಮೊದಲ ದಿನ ಮಗಳು ನಗುತ್ತಲೇ ಬಂದಳು. ತಲೆನೋವು ಎಂದು ನೆಪ ಹೇಳಿದ್ದಳಂತೆ, ಯಾರೂ ಏನೂ ಅನ್ನಲಿಲ್ಲವಂತೆ. ಎರಡನೇ ದಿನ, ಸರದಿ ನಿಮ್ಮದಲ್ಲವಾ ಎಂದು ನೇರವಾಗಿ ಹೇಳಿದಳಂತೆ. ಮೂರನೇ ದಿನ ಊಟದ ಡಬ್ಬಿ ಹಾಗೆಯೇ ವಾಪಸು ಬಂತು. ಯಾಕೆಂದು ಆಯಾ ಕೇಳಲಿಲ್ಲ, ಅಜ್ಜಿ ಕೇಳಲಿಲ್ಲ. ನಾಲ್ಕನೇ ದಿನ ಕೋಣೆ ಗಲೀಜಾಗಿ ತರಗತಿಗೇ ಮೂರು ಅಂಕ ಕಡಿತವಾಯಿತು. ಗೆಳತಿ ಚೀಲ ಎತ್ತಿಕೊಂಡು ನಾಲ್ಕನೇ ಬೆಂಚಿಗೆ ಹೋದಳು. ಐದನೇ ದಿನ ಕ್ಲಾಸ್ ಟೀಚರ್ ಅವಳನ್ನು ನಿಲ್ಲಿಸಿ, ಎಷ್ಟು ಚೆನ್ನಾಗಿ ಮಾಡುತ್ತಿದ್ದೆ, ಒಂದು ಬಹುಮಾನ ಬಂದದ್ದಕ್ಕೆ ಇಷ್ಟು ಅಹಂಕಾರವಾ ಎಂದು ಎಲ್ಲರೆದುರು ಕೇಳಿದರು.

ಅದನ್ನು ಹೇಳುವಾಗ ಲಾಯರಮ್ಮ ಅಳಲಿಲ್ಲ. ಕಣ್ಣು ಅಗಲ ಮಾಡಿಕೊಂಡು, ಯಾರದೋ ಮನೆಗೆ ಬೆಂಕಿ ಬಿದ್ದದ್ದನ್ನು ನೋಡಿ ಬಂದವಳ ಹಾಗೆ ಹೇಳಿದಳು.

“ಎಲ್ಲರೂ ಚಪ್ಪಾಳೆ ತಟ್ಟಿದ್ದರಲ್ಲಮ್ಮ,” ಎಂದಳು. “ಇದೇ ಜನ.”

ಅಜ್ಜಿ ಅಂದು ಬಟ್ಟಲಿಗೆ ಹೇಳಲಿಲ್ಲ. ಮೊಮ್ಮಗಳಿಗೇ ಹೇಳಿದಳು, ಇಲ್ಲಿ ಬಾ ಎಂದು. ತಲೆಗೆ ಎಣ್ಣೆ ಹಚ್ಚಿ ಬಾಚಿದಳು.

ಮಾರನೆಯ ದಿನ ಆಯಾ ಟಿ.ಸಿ. ಕೇಳಲು ಹೋದಳು. ದೊಡ್ಡ ಮೇಡಂಗೆ ನಿಜವಾಗಿಯೂ ಆಘಾತವಾಯಿತು. ಎಂಟನೇ ಬಿ ಕೋಣೆಯನ್ನು ಯಾರು ಗುಡಿಸುತ್ತಿದ್ದರು ಎಂಬುದು ಅವರಿಗೆ ಅಂದೇ ತಿಳಿದದ್ದು. ಮಕ್ಕಳನ್ನು ಕರೆಸಿ ಶಿಕ್ಷೆ ಕೊಡುತ್ತೇನೆ ಎಂದರು, ಇನ್ನೊಮ್ಮೆ ಯೋಚಿಸಿ ಎಂದರು, ಶುಲ್ಕದ ಮಾತು ತೆಗೆದರು. ಕುರ್ಚಿಯನ್ನೂ ತೋರಿಸಿದರು. ಆಯಾ ಕೂರಲಿಲ್ಲ.

“ಮಕ್ಕಳನ್ನ ಬೈಬೇಡಿ ಮೇಡಂ,” ಎಂದಳು. “ಕೋಣೆ ಅವರು ಗುಡಿಸ್ಲಿ, ಶೌಚಾಲಯ ಆಯಾ ತೊಳೀಲಿ ಅಂತ ನೀವೂ ಅಂದ್ರಿ. ಮಕ್ಕಳು ಅದನ್ನೇ ಇನ್ನೊಂದಿಷ್ಟು ಮುಂದಕ್ಕೆ ತಗೊಂಡು ಹೋದ್ರು ಅಷ್ಟೇ.”

ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದು ಸಹಿ ಮಾಡಿದರು. ಟಿ.ಸಿ.ಯ ಜೊತೆ ಅಂಕಪಟ್ಟಿಯೂ ಬಂತು. ಗಣಿತಕ್ಕೆ ತೊಂಬತ್ತೊಂದು, ವಿಜ್ಞಾನಕ್ಕೆ ಎಂಬತ್ತೆಂಟು. ಕೊನೆಯ ಸಾಲು ಕ್ಲಾಸ್ ಟೀಚರ್ ತುಂಬಿದ್ದು. ಮೌಲ್ಯ ಶಿಕ್ಷಣ, ಹತ್ತಕ್ಕೆ ನಾಲ್ಕು. ಆಯಾ ಅದನ್ನು ಎರಡು ಸಲ ಓದಿದಳು. ಪಟ್ಟಿಯನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಮನೆಯಲ್ಲಿ ಗಂಡ ಅದನ್ನು ನೋಡಿ, ನಾಲ್ಕಾದರೂ ಬಂತಲ್ಲ, ನಮ್ಮ ಮನೆಯಲ್ಲಿ ಇರೋದು ನಾಲ್ಕೇ ಜನ ಎಂದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಲಾಯರಮ್ಮ ಈಗ ಹೋಗುವ ಶಾಲೆಗೆ ಶುಲ್ಕವಿಲ್ಲ. ಪ್ರಯೋಗಶಾಲೆಯೂ ಇಲ್ಲ. ಒಂದು ಕೋಣೆಗೆ ಅರವತ್ತು ಮಕ್ಕಳು, ಫ್ಯಾನ್ ಒಂದೇ, ಅದೂ ತಿರುಗುವುದು ಅದರ ಮನಸ್ಸು ಬಂದಾಗ. ಗಣಿತದ ಸರ್ ಅವಳಿಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಾರೆ. ಗೆಳತಿ ಹೋದಳು, ಹದಿನಾಲ್ಕು ತಿಂಗಳ ಸಂಬಳ ತೂಗುವ ಓದು ಹೋಯಿತು, ಆಯಾಳ ಹಳೆಯ ಕೆಲಸ ಹೋಯಿತು. ಮನೆಗೆ ಮೊಟ್ಟೆ ಇನ್ನೂ ವಾಪಸು ಬಂದಿಲ್ಲ.

ಹೋಟೆಲು ಅದೇ ದಾರಿಯಲ್ಲಿರುವುದರಿಂದ ತಾಯಿ ಮಗಳು ಬೆಳಿಗ್ಗೆ ಒಟ್ಟಿಗೆ ನಡೆಯುತ್ತಾರೆ, ಗೇಟಿನ ಮುಂದೆ ಮಗಳು ‘ಬರ್ತೀನಮ್ಮ’ ಎಂದು ಗಟ್ಟಿಯಾಗಿಯೇ ಹೇಳುತ್ತಾಳೆ. ಈ ಹೊಸ ಶಾಲೆಯಲ್ಲಿ ಆಯಾ ಇಲ್ಲ. ಕೋಣೆ, ಅಂಗಳ, ಶೌಚಾಲಯ ಎಲ್ಲವನ್ನೂ ಮಕ್ಕಳೇ ಐದೈದು ಜನ ಗುಡಿಸಿ ತೊಳೆಯುತ್ತಾರೆ, ಕೆಟ್ಟದಾಗಿ ತೊಳೆಯುತ್ತಾರೆ. ಲಾಯರಮ್ಮನ ಸರದಿ ಹನ್ನೆರಡು ದಿನಕ್ಕೊಮ್ಮೆ ಬರುತ್ತದೆ. ಅದಕ್ಕೆ ಅಂಕವಿಲ್ಲ.